ಬೀಗ ಹಾಕಿಟ್ಟ ಮಾತ್ರೆ

ಗದಗ, 2174
ಹದಿಮೂರನೆಯ ತಿಂಗಳ ಮೊದಲ ಸೋಮವಾರ

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ,

ಹದಿಮೂರನೆಯ ತಿಂಗಳೇ ಎಂದು ಹುಬ್ಬೇರಿಸಬೇಡಿ, ನಮ್ಮಲ್ಲಿ ಇದೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ. ಮಿಕ್ಕಿದ್ದಕ್ಕೆ ನೀವೇ ಕೇಳಬೇಕು.

ನಮ್ಮೂರಿನಲ್ಲಿ ಯಾರಿಗೆ ಜ್ವರ ಬಂದರೂ ಆ ರೋಗಾಣುವಿನ ‘ಅಣುಲಿಪಿ’, ಅಂದರೆ ನೀವು ಜೀನೋಮ್ ಎನ್ನುವ ಅದರ ಪೂರ್ತಿ ಬರಹ, ಸಂಜೆ ದೀಪ ಹಚ್ಚುವ ಮುಂಚೆ ‘ಬಯಲುಭಂಡಾರ’ಕ್ಕೆ ಸೇರಬೇಕು. ಅದು ಎಲ್ಲ ದೇಶದವರೂ ತುಂಬುವ, ಯಾರು ಬೇಕಾದರೂ ತೆರೆದು ನೋಡುವ ಉಗ್ರಾಣ. ಶುರು ಮಾಡಿದವರು ನೀವೇ. ಆ ರೋಗಾಣು ಯಾವ ಊರಿನದು, ಯಾವ ಮಾತ್ರೆಗೆ ಸತ್ತಿತು ಎಂಬುದೂ ಜೊತೆಗಿರುತ್ತದೆ. ಇವತ್ತು ಯಾವ ಓಣಿಯಿಂದ ಏನು ಸೇರಿತು ಎಂಬುದನ್ನು ಹೆಂಗಸರು ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಳ್ಳುತ್ತಾರೆ. ಕೊಡದೆ ತಮ್ಮಲ್ಲೇ ಇಟ್ಟುಕೊಂಡವರ ಮನೆಯಲ್ಲಿ ಯಾರೂ ಒಂದು ಲೋಟ ನೀರೂ ಕುಡಿಯುವುದಿಲ್ಲ. ಚಿಕಿತ್ಸೆಯ ವಿವರವನ್ನು ನಾವು ಬೀಗ ಹಾಕಿ ಮುಚ್ಚುವುದು, ಯಾವ ಔಷಧವೂ ನಾಟದೆ ರೋಗಿ ಹೋಗಿಬಿಟ್ಟಾಗ ಮಾತ್ರ. ಇಲ್ಲಿ ಕಲಿಯುವುದೇನೂ ಇಲ್ಲ, ಅಳುವುದಷ್ಟೇ ಉಳಿದಿದೆ ಎಂದು ಅದರ ಅರ್ಥ.

ಹೋದ ತಿಂಗಳು ನನ್ನ ಅಕ್ಕನ ಮಗಳು ಶಾಂಭವಿ ರಕ್ತದ ನಂಜಿನಿಂದ ಮಲಗಿದಳು. ನನ್ನ ಕೈಯಲ್ಲೇ ಬೆಳೆದ ಹುಡುಗಿ, ಮಹಾ ಮಾತುಗಾತಿ. ವೈದ್ಯ ಅಂದಾನಪ್ಪನವರು ಹುಡುಕಿದಾಗ ಇಡೀ ಭಂಡಾರದಲ್ಲಿ ಅವಳ ರೋಗಾಣುವಿಗೆ ಹೊಂದುವ ಒಂದೇ ಒಂದು ದಾಖಲೆ ಸಿಕ್ಕಿತು, ನಿಮ್ಮ ಕಾಲದ್ದು. ಲಿಪಿ ಇತ್ತು, ಚಿಕಿತ್ಸೆಯ ವಿವರಕ್ಕೆ ಬೀಗ. ವೈದ್ಯರ ಮುಖ ಕಪ್ಪಿಟ್ಟಿತು. ಅಂದಿನ ಯಾವ ಮಾತ್ರೆಯೂ ನಾಟಿಲ್ಲವೆಂದೇ ಅವರು ತಿಳಿದರು. ಆದರೂ ಬೀಗ ಒಡೆಸೋಣ ಎಂದೆ. ಶಾಂಭವಿಯೇ ತಡೆದಳು: “ಹಿರ್ಯಾರು ಮುಚ್ಚ್ಯಾರಂದ್ರ ಸುಮ್ನ ಮುಚ್ಚಿರಂಗಿಲ್ಲ, ಬಿಡ ಚಿಗವ್ವಾ.” ಬೇರೆ ಪರೀಕ್ಷೆಗೆ ಕಾಯುವಷ್ಟು ಹೊತ್ತಿರಲಿಲ್ಲ. ಸಾಮಾನ್ಯ ಮಾತ್ರೆ ಬಿಟ್ಟು ಉಗ್ರ ಔಷಧ ಕೊಟ್ಟರು. ಅವಳ ಮೂತ್ರಪಿಂಡ ಅದನ್ನು ತಡೆದುಕೊಳ್ಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನಾನು ಹಟ ಹಿಡಿದು ಬೀಗ ಒಡೆಸಿದೆ. ನಿಮ್ಮ ರೋಗಿ ಸತ್ತಿರಲೇ ಇಲ್ಲ! ನಮ್ಮ ಅಡುಗೆಮನೆಯ ಗೂಡಿನಲ್ಲಿ ಸದಾ ಇರುವ ಅದೇ ಹಳದಿ ಮಾತ್ರೆ ನುಂಗಿ, ಎದ್ದು ನಡೆದುಕೊಂಡು ಮನೆಗೆ ಹೋಗಿದ್ದ. ಕೆಳಗೊಂದು ಸಾಲು: ‘ನಮ್ಮ ಪ್ರಬಂಧ ಅಚ್ಚಾಗುವವರೆಗೆ ಯಾರಿಗೂ ತೋರಿಸತಕ್ಕದ್ದಲ್ಲ.’ ಆ ಪ್ರಬಂಧ ಅಚ್ಚೇ ಆಗಿಲ್ಲ. ಥೂ ನಿಮ್ಮ! ನಿಮ್ಮ ಹೆಸರು ಮೊದಲು ಬರಲಿ ಎಂದು ಹಾಕಿದ ಬೀಗವನ್ನು ನಾವು ನಿಮ್ಮ ದುಃಖವೆಂದು ತಿಳಿದು ಕೈಮುಗಿದೆವು. ನಿಮ್ಮನ್ನು ನಂಬಿ ಕೆಟ್ಟೆವು.

ಆ ಬೀಗ ಹಾಕಿದವರು ನಿಮ್ಮಲ್ಲೇ ಯಾರೋ ಇದ್ದೀರಿ. ಈಗಷ್ಟೇ ಹಾಕಿ ಚಹಾಕ್ಕೆ ಎದ್ದಿರಬಹುದು. ವಾಪಸ್ ಹೋಗಿ ಕೂತು ಅದನ್ನು ತೆಗೆಯಿರಿ. ನಿಮ್ಮ ಲೆಕ್ಕದಲ್ಲಿ ಶಾಂಭವಿ ಇನ್ನೂ ಹುಟ್ಟಿಲ್ಲ, ಸತ್ತೂ ಇಲ್ಲ. ಮಾತ್ರೆಯ ಡಬ್ಬಿಯನ್ನು ನಾನು ಗೂಡಿನಿಂದ ತೆಗೆದಿಲ್ಲ.

ಅವಳ ಚಿಗವ್ವ,
ಬಸಲಿಂಗವ್ವ