ನಿಮ್ಮ ಮಗನ ತೋಳಿನ ಸದ್ದು

ಮಧುಗಿರಿ, ೧೯೪೬

ಅತ್ತೆಯವರಿಗೆ ಶರಣು.

ನೀವು ಶಿವನ ಪಾದ ಸೇರಿ ವರ್ಷವಾಯಿತು. ಈಗ ನಿಮ್ಮ ವಿಳಾಸ ಬರೆದರೆ ಅಂಚೆಯವನು ನಗುತ್ತಾನೆ. ಆದರೂ ನಿನ್ನೆ ನಡೆದದ್ದನ್ನು ನಿಮಗೆ ಹೇಳದೆ ಇರಲಾರೆ.

ನಿಮ್ಮನ್ನು ಮಣ್ಣು ಮಾಡಿ ಬಂದಾಗಿನಿಂದ ನಿಮ್ಮ ಮಗನ ಬಲಗೈ ಮೇಲೇಳುತ್ತಿರಲಿಲ್ಲ. ಎಣ್ಣೆ ತಿಕ್ಕಿದ್ದಾಯಿತು, ಸಿದ್ದರಬೆಟ್ಟದ ಬೇರು ಅರೆದು ಹಚ್ಚಿದ್ದಾಯಿತು. ಕೊನೆಗೆ ಬೆಂಗಳೂರಿಗೆ, ಯುದ್ಧ ಮುಗಿಸಿ ಬಂದ ಡಾಕ್ಟರೊಬ್ಬರಲ್ಲಿಗೆ ಕರೆದುಕೊಂಡು ಹೋದೆ. ಅವರು ತೋಳಿಗೆ ಸೂಜಿ ಚುಚ್ಚಿ, ಅದರ ತಂತಿಯನ್ನು ಒಂದು ಯಂತ್ರಕ್ಕೆ ಸೇರಿಸಿದರು. ಸ್ನಾಯು ಮಿಡಿದರೆ ಅದರೊಳಗಿನ ವಿದ್ಯುತ್ತು ಯಂತ್ರದಲ್ಲಿ ಸದ್ದಾಗಿ ಕೇಳಿಸುತ್ತದಂತೆ.

"ಕೈ ಎತ್ತಿ" ಎಂದರೆ ಇವರೂ ಸುಮ್ಮನೆ, ಯಂತ್ರವೂ ಸುಮ್ಮನೆ. ಡಾಕ್ಟರ ಮುಖ ಸಪ್ಪಗಾಯಿತು.

ನನಗೇನು ಬಂತೋ, ನಿಮ್ಮದೇ ದನಿ ತೆಗೆದು ಕಿರುಚಿಬಿಟ್ಟೆ: "ಲೇ ರುದ್ರ, ಏನ್ಲಾ ಅಂಗೆ ಕುಂತಿದ್ದೀಯ? ಎತ್ತೋ ಕೈನಾ!"

ಯಂತ್ರ ತಗಡಿನ ಮೇಲೆ ಜಲ್ಲಿ ಸುರಿದಂತೆ ಗರಗರ ಎಂದಿತು. ಕೈ ಹೆಗಲವರೆಗೂ ಎದ್ದಿತು.

"ಇದು ಯಾರ ದನಿಯಮ್ಮ?" ಎಂದರು ಡಾಕ್ಟರು.

"ನಮ್ಮತ್ತೇದು ಸ್ವಾಮಿ. ತೀರ್ಕಂಡು ವರ್ಸ ಆಯ್ತು."

"ಹಾಗಾದರೆ ದಿನಾ ಎರಡು ಸಲ ಕರೆಸಿ."

ಗಂಡನ ಹೆಸರು ಹಿಡಿದು ಕೂಗಿದ್ದಕ್ಕೆ, ನೀವಿದ್ದಿದ್ದರೆ ನನ್ನ ತಲೆ ಮೊಟಕುತ್ತಿದ್ದಿರಿ. ಆದರೆ ಇವತ್ತು ಬೆಳಿಗ್ಗೆ ಅವರೇ ನನ್ನೆದುರು ಬಂದು ಕೂತು, "ಅವ್ವನಂಗೆ ಒಂದ್ಸಲ ಬೈಯಮ್ಮಿ" ಎಂದರು. ಬೈದೆ. ಎತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡರು.

ಆಮೇಲೆ ನಾನು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಿಮ್ಮ ದನಿಯಲ್ಲಿ ನನ್ನನ್ನೂ ಒಮ್ಮೆ ಬೈದುಕೊಂಡೆ.

ನಿಮ್ಮ ಸೊಸೆ
ಚನ್ನಮಲ್ಲಮ್ಮ