ಸೀರೆ ಉಟ್ಟ ಗೂಢಚಾರನ ಪಾರ್ಟು

ನನ್ನ ಮುತ್ಯಾನಿಗೆ,

ಸಣ್ಣವಳಿದ್ದಾಗಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು. ಮನೆಗೆ ಬರೆಯುವ ಪತ್ರಗಳನ್ನೂ ಅಲ್ಲಿ ಇಂಗ್ಲಿಷಿನಲ್ಲೇ ಬರೆಸುತ್ತಿದ್ದರು. ನೀನು ಅವನ್ನು ನಿನ್ನ ಮಗನ ಕೈಲಿ, ನಮ್ಮಪ್ಪನ ಕೈಲಿ, ಓದಿಸಿ, "ಏನರ ಇರ್ಲಿ, ಅಕ್ಷರ ಛಲೋ ಅದಾವ" ಅನ್ನುತ್ತಿದ್ದೆಯಂತೆ. ಇದು ಕನ್ನಡದಲ್ಲಿದೆ. ತಪ್ಪುಗಳಿರಬಹುದು, ಆದರೆ ಈ ಸಲ ನೀನೇ ಓದಿಕೊಳ್ಳಬಹುದು ಅಂತ...

ದೀಪಾವಳಿ ಸೂಟಿಯಲ್ಲಿ ನಾವಿಬ್ಬರೂ ರಬಕವಿಯಿಂದ ಬಸ್ ಹಿಡಿದು ಜಮಖಂಡಿಗೆ ಆ ಹಿಂದಿ ಪಿಕ್ಚರ್ ನೋಡಲು ಹೋದದ್ದು ನೆನಪಿದೆಯಾ? ಯುದ್ಧದ ಕಾಲ. ನಮ್ಮ ಕಡೆಯ ಇಬ್ಬರು ಗೂಢಚಾರರು ಹೆಂಗಸರ ವೇಷ ಹಾಕಿ ವೈರಿ ಸೈನ್ಯದ ಅಡುಗೆಮನೆ ಸೇರುತ್ತಾರೆ. ಅಲ್ಲಿಯ ಹವಾಲ್ದಾರನಿಗೆ ಅವರಲ್ಲೊಬ್ಬನ ಮೇಲೆ ಮನಸ್ಸಾಗಿ, ಬಳೆಗಾರನನ್ನೇ ಕರೆತರುತ್ತಾನೆ. ಆ ದಪ್ಪ ಕೈಗೆ ಬಳೆ ಏರುವುದೇ ಇಲ್ಲ. ಥಿಯೇಟರೆಲ್ಲ ಬಿದ್ದು ಬಿದ್ದು ನಕ್ಕಿತು. ನೀನೂ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕೆ. ಆಮೇಲೆ ನನ್ನ ಕಡೆ ವಾಲಿ, "ಅಂವ ತನ್ನ ಕೈನ ನೋಡಾಕತ್ತಾನ. ಬಳಿ ಇಡಿಸ್ಕೊಳ್ಳಾಗ ಹೆಣ್ಮಗಳು ಕೈ ನೋಡೂದಿಲ್ಲ ತಂಗಿ. ನೋವು ತಡಕೊಂಡು ಮಾರಿ ಅತ್ಲಾಗ ಮಾಡ್ತಾಳ" ಅಂದೆ.

ಹೇಳಿ ಸುಮ್ಮನಾಗಲಿಲ್ಲ, ಮಾಡಿ ತೋರಿಸಿದೆ. ಅದೇ ಧೋತರ, ಅದೇ ಬಿಳಿ ಟೊಪ್ಪಿಗೆ, ಬೋಳಿಸದ ಗಡ್ಡ. ಎಡಗೈಯನ್ನು ಯಾರದೋ ಕೈಯಲ್ಲಿಟ್ಟಂತೆ ಚಾಚಿ, ಕೆಳತುಟಿ ಕಚ್ಚಿ, ಮುಖವನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದೆ. ಪರದೆಯ ಬೆಳಕಿನಲ್ಲಿ ನನ್ನ ಪಕ್ಕದ ಸೀಟಿನ ಮೇಲೆ ಹೊಸ ಮದುವಣಗಿತ್ತಿಯೊಬ್ಬಳು ಕುಳಿತಿದ್ದಳು. ಹರೆಯದಲ್ಲಿ ನೀನು ಸಣ್ಣಾಟದ ಮೇಳದಲ್ಲಿ ಹೆಣ್ಣಿನ ಪಾರ್ಟು ಮಾಡುತ್ತಿದ್ದೆ ಅಂತ ಕೇಳಿದ್ದೆನೇ ಹೊರತು ನೋಡಿರಲಿಲ್ಲ. ಎಲ್ಲಿಂದ ಬಂದಳು ಮುತ್ಯಾ ಅವಳು? ಅಷ್ಟು ವರ್ಷ ನಿನ್ನೊಳಗೆ ಎಲ್ಲಿ ಕುಳಿತಿದ್ದಳು?

ಕಾಲೇಜಿನ ಗ್ಯಾದರಿಂಗಿಗೆ ಅದೇ ಕಥೆಯನ್ನು ಸ್ಕಿಟ್ ಮಾಡೋಣ ಅಂತಾದಾಗ ಬಳೆಯ ಸೀನಿನ ಗೂಢಚಾರ ನನ್ನ ಪಾಲಿಗೆ ಬಂದ. ನಮ್ಮದು ಬರೀ ಹುಡುಗಿಯರ ತಂಡ. ರಿಹರ್ಸಲಿನಲ್ಲಿ ನಾನು ಸೀರೆ ಉಟ್ಟು ಬಂದರೆ ಯಾರೂ ನಗಲಿಲ್ಲ. ಯಾಕಾದರೂ ನಗಬೇಕು? ಹುಡುಗಿ ಸೀರೆ ಉಟ್ಟಿದ್ದಾಳೆ, ಅಷ್ಟೇ. ಡೈರೆಕ್ಟ್ ಮಾಡುತ್ತಿದ್ದ ಸೀನಿಯರ್, "ಇಕಿ ಯಾವ ಗೂಢಚಾರ? ಬೀಗರ ಮನಿಗೆ ಹೊಂಟಂಗ ಕಾಣ್ತಾಳ" ಅಂದಳು. ಟೆರೇಸಿಗೆ ಹೋಗಿ ನಿನಗೆ ಫೋನ್ ಮಾಡಿದೆ.

"ಹೆಣ್ಣಾಗಾಕ ಹೋಗಬ್ಯಾಡ," ಅಂದೆ ನೀನು. "ಮೊದಲ ಗಂಡಸಾಗು. ಅಂವ ಸಿಪಾಯಿ. ಸಿಕ್ಕರ ಗುಂಡ ಹೊಡಿತಾರಂತ ಅಂಜ್ಯಾನ. ಅಂಥವಗ ಸೀರಿ ಉಡಸು."

"ಅಂಜಿಕಿ ನನಗೂ ಭಾಳ ಐತಿ ಮುತ್ಯಾ."

"ಛಲೋ ಆತಲ್ಲ. ಕಡಾ ತರೂದು ತಪ್ಪಿತು."

ಮರುದಿನ ಹಾಗೇ ಮಾಡಿದೆ. ನಡುಗುವ ಕೈಯನ್ನು ಬಚ್ಚಿಡಲಿಲ್ಲ, ಆ ಸಿಪಾಯಿಗೇ ಕೊಟ್ಟುಬಿಟ್ಟೆ. ಸೀನಿಯರ್ ನಗುತ್ತಾ ನೆಲಕ್ಕೆ ಕುಂತಳು. ಸಂಜೆ ನಿನಗೆ ಹೇಳೋಣ ಅಂದುಕೊಂಡೆ, ಅಷ್ಟರಲ್ಲಿ ಅಪ್ಪನ ಫೋನ್...

ನಿನ್ನನ್ನು ಮಣ್ಣು ಮಾಡಿದ ಮೇಲೂ ನಾನು ರಬಕವಿಯಲ್ಲೇ ಉಳಿದೆ. ಇವತ್ತು ಮಧ್ಯಾಹ್ನ ಅಪ್ಪ ಅಂದ: "ಮುತ್ಯಾ ಹೋಗಿ ಇನ್ನ ತಿಂಗಳಾಗಿಲ್ಲ. ಬಣ್ಣ ಹಚ್ಕೊಂಡು ಕುಣದ್ರ ಮಂದಿ ಏನಂದಾರು? ಪಾರ್ಟ್ ಬ್ಯಾರೇದಾಕಿಗಿ ಕೊಡ್ರಿ ಅಂತ ನಾನ ಹೇಳ್ತೇನಿ, ಫೋನ್ ಕೊಡು." ಕೊಟ್ಟೆ. ಅಪ್ಪನಿಗೆ ಎದುರಾಡಿ ನನಗೆ ರೂಢಿಯಿಲ್ಲ. ಆದರೆ ಆ ಸಿಪಾಯಿಯನ್ನು ನನಗೆ ಕೊಟ್ಟವನು ನೀನು. ನಿನ್ನ ವಿದ್ಯೆಯಲ್ಲಿ ನನಗೆ ದಕ್ಕಿದ್ದು ಅದೊಂದೇ. ಅದನ್ನೂ ಬೇರೆಯವಳಿಗೆ ಕೊಟ್ಟರೆ ಇನ್ನೇನು ಉಳಿಯುತ್ತದೆ?

ಆಗ ಅಪ್ಪನ ಅವ್ವ, ನಮ್ಮ ಆಯಿ, ಬಾಯಿ ಬಿಟ್ಟಳು. ನೀನು ಹೋದಾಗಿನಿಂದ ಹೆಚ್ಚು ಮಾತಾಡಿರಲಿಲ್ಲ. ಮೆಂತೆ ಪಲ್ಯದ ಎಲೆ ಬಿಡಿಸುತ್ತಾ, ತಲೆ ಎತ್ತದೆ, "ಹೋಗ್ಲಿ ಬಿಡೋ ಆಕಿನ್ನ" ಅಂದಳು. "ಮಂದಿ ಅಂತಾರಂತ ನಾನೂ ನಿಮ್ಮಪ್ಪನ ಆಟಾ ಕದ್ದ ನೋಡಬೇಕಾತು."

ಆಟದವರ ಹೆಂಡಿರು ಆಟಕ್ಕೆ ಹೋಗುವಂತಿರಲಿಲ್ಲವಂತೆ. ಗಂಡ ಸೀರೆ ಉಟ್ಟದ್ದನ್ನು ಹೆಂಡತಿ ನೋಡಲು ನಿಂತರೆ ಊರು ಆಡಿಕೊಳ್ಳುತ್ತದೆ. ಅದಕ್ಕೆ ಆಯಿ ನಿನ್ನ ಧೋತರ ಉಟ್ಟು, ತಲೆತುಂಬ ಕಂಬಳಿ ಹೊದ್ದು, ಎಲ್ಲರ ಹಿಂದೆ ಗಂಡಸರ ನಡುವೆ ನಿಂತು ನೋಡುತ್ತಿದ್ದಳಂತೆ. ಒಂದು ಸಲ ಅಲ್ಲ ಮುತ್ಯಾ. ರಬಕವಿ ಬನಹಟ್ಟಿಯಲ್ಲಿ ನೀನು ಕುಣಿದ ಒಂದು ಆಟವನ್ನೂ ಬಿಟ್ಟಿಲ್ಲ.

"ಒಮ್ಮೆ ಬಾಜೂಕ ನಿಂತಾಂವ ತಂಬಾಕ ಕೇಳಿದ. ಕೆಮ್ಮಿ ಮಾರಿ ತಿರವಿದ್ನಿ," ಅಂದಳು. "ಅಷ್ಟರಾಗ ಅವ್ರು ಕುಣಕೋತ ಬಂದ್ರು. ಅಂವ, 'ಇಂಥಾಕಿ ಒಬ್ಬಾಕಿ ನಮ್ಮ ಮನ್ಯಾಗ ಇರಬೇಕಿತ್ತ ನೋಡಲೇ' ಅಂದ. ನಮ್ಮ ಮನ್ಯಾಗ ಅದಾಳ ಅಂತ ತುಟಿ ತನಕಾ ಬಂದಿತ್ತು."



"ಮುತ್ಯಾ ಒಮ್ಮೆನೂ ಗುರ್ತ ಹಿಡಿಲಿಲ್ಲೇನು?" ಅಂತ ಕೇಳಿದೆ.

"ಹೆಂಗ ಹಿಡಿತಾರ? ಹೆಣ್ಮಕ್ಕಳು ಹೆಂಗ ನಡಿತಾರ, ಹೆಂಗ ಕುಂಡ್ರತಾರ, ಅವ್ರ ಕಣ್ಣೆಲ್ಲಾ ಅದರ ಮ್ಯಾಲ. ಗಂಡಸರ ಕಡೆ ಯಾವತ್ತ ನೋಡ್ಯಾರ?"

ಪಿಕ್ಚರಿನ ಆ ಇಬ್ಬರು ಅರ್ಧ ಕಥೆಗೇ ಸಿಕ್ಕಿಬಿದ್ದರು. ಆಯಿ ಇವತ್ತಿನ ತನಕ ಸಿಕ್ಕಿರಲಿಲ್ಲ. ನಾನು ಅವಳನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತಾ ಕುಳಿತೆ. ಇಷ್ಟು ವರ್ಷ ಎದುರು ಕುಳಿತು ಉಂಡ ನಿನಗೆ ಇದು ಗೊತ್ತಾಗಿದ್ದರೆ ಏನನ್ನುತ್ತಿದ್ದೆ? ನಗುತ್ತಿದ್ದೆಯಾ, ಇಲ್ಲಾ...

ಅಪ್ಪ ನನ್ನ ಫೋನ್ ಮರಳಿ ಕೊಟ್ಟ. ಶನಿವಾರ ಶೋ, ನಾನು ಹೋಗುತ್ತೇನೆ. ಆಯಿಯೂ ಬರುತ್ತಾಳಂತೆ. ಎಲ್ಲಿ ಕೂರುತ್ತೀ ಅಂತ ಕೇಳಿದ್ದಕ್ಕೆ ಪಲ್ಯದ ಕಡ್ಡಿ ಕೊಡವಿ ಎದ್ದು ನಿಂತಳು.

"ಮುಂದಿನ ಸಾಲಿನ್ಯಾಗ," ಅಂದಳು. "ಸೀರಿ ಉಟ್ಕೊಂಡ."