ಹಾಸಿಗೆಯಲ್ಲಿ ತೀರಿಕೊಂಡ ಆರ್ಚ್‌ಬಿಷಪ್

ಉಪ್ಸಲಾ, ಸೆಪ್ಟೆಂಬರ್ ೨೦೦೭

ವೇದವತಿ ಅತ್ತೆ, ದೂರದಿಂದಲೇ ನಿಮ್ಮ ಕಾಲಿಗೆರಗುತ್ತೇನೆ.

"ಲಾಠಿ ಏಟಿಗೆ ಸಾಯ್ತೀನಿ ಅಂದ್ಕೊಂಡಿದ್ದೆ ಕಣೇ, ಹಾಸಿಗೆ ಮೇಲೆ ಸಾಯೋ ಹಣೆಬರಹ ಬಂತು" ಎಂದು ನೀವು ಫೋನಿನಲ್ಲಿ ಅಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹೃದಯದ ಮಾತ್ರೆಗಳನ್ನೂ ಬಿಟ್ಟಿದ್ದೀರಂತೆ. ಹರೆಯವೆಲ್ಲ ಸಾರಾಯಿ ಅಂಗಡಿಗಳ ಮುಂದೆ ಧರಣಿ ಕೂತು ಕಳೆದಿರಿ. ಈ ಜುಲೈಯಲ್ಲಿ ಸಾರಾಯಿ ನಿಂತಿತು. ಅದೇ ಅಂಗಡಿಗೆ ಬ್ರಾಂದಿ ಬಂದು ಕೂತಿತು. "ಏನು ಮಾಡಿದ ಹಾಗಾಯ್ತು, ಹೇಳು?" ಎಂದಿರಿ.

ನಾನಿಲ್ಲಿ ಸಂಶೋಧನೆ ಮಾಡುತ್ತಿರುವ ಆರ್ಚ್‌ಬಿಷಪ್ ಆನ್ಸ್‌ಗಾರ್ ಕೂಡ ನಿಮ್ಮಂಥವನೇ. ಒಂಬತ್ತನೆಯ ಶತಮಾನದಲ್ಲಿ ಕ್ರಿಸ್ತನ ಮಾತು ಹೇಳಲೆಂದು ಈ ದೇಶಕ್ಕೆ ಹೊರಟ. ಕಡಲ್ಗಳ್ಳರು ಅವನ ಪುಸ್ತಕಗಳನ್ನೆಲ್ಲ ದೋಚಿದರು. ಆದರೂ ಬಿರ್ಕಾ ಎಂಬ ದ್ವೀಪದ ಪೇಟೆ ಮುಟ್ಟಿದ. ಅವನು ತನ್ನ ನಾಡಿಗೆ ಮರಳಿದ ಮೇಲೆ ಇಲ್ಲಿನ ಜನ ತಿರುಗಿಬಿದ್ದು ಪಾದ್ರಿಗಳನ್ನು ಓಡಿಸಿದರು, ಒಬ್ಬನನ್ನು ಕೊಂದೇಬಿಟ್ಟರು. ಅವನು ಮತ್ತೆ ಬಂದ. ಧರ್ಮಕ್ಕಾಗಿ ಬಲಿಯಾಗುತ್ತೇನೆಂದು ಎಳವೆಯಿಂದ ನಂಬಿದ್ದವನು ಕೊನೆಗೆ ಭೇದಿಯಿಂದ ಹಾಸಿಗೆ ಹಿಡಿದ. ತನ್ನ ಪಾಪದಿಂದಲೇ ಆ ಸಾವು ಕೈತಪ್ಪಿತೆಂದು ಕೊರಗಿದನಂತೆ. ಪಟ್ಟ ಪಾಡೇ ಬಲಿದಾನವೆಂದು ಶಿಷ್ಯ ಸಮಾಧಾನ ಹೇಳಿದ. ಅದನ್ನೇ ನಿಮಗೆ ಹೇಳಿದರೆ ಬೈಸಿಕೊಳ್ಳಬೇಕಾದೀತು.

ತಡೆಯಲಾರದೆ ಭಾನುವಾರ ನನ್ನ ಸಂಶೋಧನೆಯ ಗೈಡ್ ಶೆರ್ಸ್ಟಿನ್ ಜೊತೆ ದೋಣಿ ಹತ್ತಿ ಬಿರ್ಕಾಗೆ ಹೋದೆ. ಈಗ ಪೇಟೆಯಿಲ್ಲ, ಕುರಿ ಮೇಯುತ್ತವೆ. ಗುಡ್ಡದ ಮೇಲೆ ಅವನ ನೆನಪಿನ ಶಿಲುಬೆಯಿದೆ. ಅದರ ಬುಡದಲ್ಲಿ ಫ್ಲಾಸ್ಕಿನ ಕಾಫಿ ಬಗ್ಗಿಸುತ್ತಿದ್ದ ಶೆರ್ಸ್ಟಿನ್‌ಳನ್ನು, "ಇವನು ಸೋತನಾ?" ಎಂದು ಕೇಳಿದೆ. "ಆ ಮುದುಕಿಯನ್ನು ಮರೆತೆಯಾ?" ಎಂದಳು.

ಮರೆತಿದ್ದೆ ಅತ್ತೆ. ಫ್ರಿಡೆಬುರ್ಗ್ ಎಂಬ ಬಿರ್ಕಾದ ವಿಧವೆ. ಪಾದ್ರಿಗಳು ಒಬ್ಬರೂ ಇಲ್ಲದ ವರ್ಷಗಳಲ್ಲಿ, ಯಾರು ಏನೆಂದರೂ ನಂಬಿಕೆ ಬಿಡಲಿಲ್ಲ. ಸಾಯುವಾಗ ಪ್ರಸಾದವಾಗಿ ಬಾಯಿಗೆ ಬಿಡಲೆಂದು ತಾನೇ ಒಂದಿಷ್ಟು ವೈನ್ ಕೊಂಡಿಟ್ಟಿದ್ದಳು. ವೈನ್ ಎಂದರೆ ನೀವು ಮುಖ ಸಿಂಡರಿಸುತ್ತೀರಿ, ಗೊತ್ತು.

ದಡಕ್ಕೆ ಬಂದವಳೇ ನಿಮಗೆ ಫೋನ್ ಮಾಡಿದೆ. ನೀವು ಮಲಗಿದ್ದಿರಿ, ನಿಮ್ಮನ್ನು ನೋಡಿಕೊಳ್ಳುವ ವಸಂತಿ ಎತ್ತಿದಳು. "ಅಕ್ಕೋರಿಗೆ ಹೇಳ್ಬೇಡಿ, ತಮ್ಮನ್ನ ಬಿಟ್ಟು ಹೊರಟ್ರು ಅಂತ ಬೇಜಾರ್ ಮಾಡ್ಕೋತಾರೆ. ಸೋಮವಾರದಿಂದ ನಾವು ಊರ ಹೆಂಗಸ್ರೆಲ್ಲ ಬ್ರಾಂದಿ ಅಂಗಡಿ ಮುಂದೆ ಧರಣಿ ಕೂರ್ತೀವಿ. ಅವರು ಬಂದ್ರೂ ಸರಿ, ಬರದಿದ್ರೂ ಸರಿ" ಎಂದಳು.

ಹೇಳಬೇಡ ಎಂದದ್ದನ್ನು ಹೇಳಿಬಿಟ್ಟೆ. ಅವರಿಗೆ ಇನ್ನು ನೀವು ಬೇಕೇಬೇಕೆಂದಿಲ್ಲ, ಅತ್ತೆ. ನನಗೆ ಬೇಕು. ಮಾತ್ರೆ ತೆಗೆದುಕೊಳ್ಳಿ.

ನಿಮ್ಮ ಆಯುಸ್ಸು ಗಟ್ಟಿಯಾಗಿರಲಿ ಎಂದು ಬೇಡುವ,
ನೀರಜಾ